ಮುರಿದ ಬೋಲ್ಟಿನ ಮುಖ

ನನಗೀಗ ಮೂವತ್ತೇಳು ವರ್ಷ. ಗ್ಯಾರೇಜ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಹೀಗೆಂದರೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಜನ ನಗುತ್ತಾರೆ. ನಿವೃತ್ತಿ ಅಂದರೆ ಹಾರ, ಶಾಲು, ಹಣ್ಣಿನ ಬುಟ್ಟಿ, ಸಾಹೇಬರೊಬ್ಬರ ಸುಳ್ಳು ಭಾಷಣ ಎಲ್ಲ ಇರಬೇಕಂತೆ. ನನಗೆ ಸಿಕ್ಕಿದ್ದು ಸೊಂಟಕ್ಕೆ ಕಟ್ಟುವ ಒಂದು ಬೆಲ್ಟು. ಹದಿನೆಂಟು ವರ್ಷ ಜೀಪುಗಳ ಕೆಳಗೆ ಮಲಗಿ ಮಲಗಿ ಬೆನ್ನಿನ ಮಣಿಯೊಂದು ಜಾಗ ಬಿಟ್ಟು ಕದಲಿತು. "ಇನ್ನು ಗಾಡಿ ಕೆಳಗೆ ಮಲಗೋ ಹಾಗಿಲ್ಲ" ಎಂದು ಡಾಕ್ಟರು ಮೂಗಿನಿಂದ ಹೇಳಿದರು. ಹೊರಗೆ ಕೂತಿದ್ದ ಹೆಂಡತಿಗೆ ನಾನೂ ಮೂಗಿನಿಂದಲೇ ಹೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು. ನಾನು ಹೇಳಿದ್ದನ್ನು ನಂಬುವುದಕ್ಕೆ ಅವಳಿಗೆ ಯಾವಾಗಲೂ ಎರಡು ನಿಮಿಷ ಬೇಕು. ಯಾರ ದನಿಯಲ್ಲಿ ಹೇಳುತ್ತಿದ್ದೇನೆ ಎಂಬುದು ಮೊದಲು ಗೊತ್ತಾಗಬೇಕಲ್ಲ.

ಈಗ ಶಿರಾಳಕೊಪ್ಪದಲ್ಲಿ ಬಿಡಿಭಾಗಗಳ ಅಂಗಡಿಯೊಂದರ ಕೌಂಟರಿನಲ್ಲಿ ಕೂರುತ್ತೇನೆ. ಐಟಿಐ ಮುಗಿಸಿ ಹೊಸದಾಗಿ ಗ್ಯಾರೇಜು ಸೇರಿದವರು ಬೋಲ್ಟು ಕೇಳಿಕೊಂಡು ಬರುತ್ತಾರೆ. "ಅಣ್ಣಾ, ಹತ್ತರ ಬೋಲ್ಟ್ ಎಂಟು ಕೊಡು" ಅನ್ನುತ್ತಾರೆ. ಒಂದು ಗಾಡಿಗೆ ಎಂಟು ಯಾಕಪ್ಪಾ ಅಂದರೆ, "ಬಿಚ್ಚೋಕೆ ಹೋದ್ವಿ, ಎಲ್ಲಾ ಮುರೀತು" ಎಂದು ಹಲ್ಲು ಕಿರಿಯುತ್ತಾರೆ. ನಾನೂ ಹಾಗೆಯೇ ಹಲ್ಲು ಕಿರಿದವನು. ಆದ್ದರಿಂದ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ನಡೆದದ್ದನ್ನು ಹೇಳುತ್ತೇನೆ.

ಹಳೇ ಜೀಪು ಬಿಚ್ಚುವುದಕ್ಕೆ ಮುಂಚೆ ಅದು ಯಾವ ಊರಿನದು ಎಂದು ಕೇಳಬೇಕು. ಶಿಕಾರಿಪುರದ ಕಡೆಯ ಜೀಪಿನ ಬೋಲ್ಟು ಧೂಳಿನಿಂದ ಹಿಡಿದುಕೊಳ್ಳುತ್ತದೆ. ತಂತಿ ಬ್ರಷ್ ಹಾಕಿ ಉಜ್ಜಿ, ನಾಲ್ಕು ಪೆಟ್ಟು ಕೊಟ್ಟರೆ ಗೊಣಗಿಕೊಂಡಾದರೂ ಬರುತ್ತದೆ. ಸೊರಬದ ಕಡೆಯದು ಕೆಸರು, ಮಳೆ ಎರಡನ್ನೂ ಕುಡಿದಿರುತ್ತದೆ. ಮೇಲೆ ನೋಡಿದರೆ ಸಾಧು. ಒಳಗೆ ಬೋಲ್ಟು, ಅದು ಕೂತ ತೂತಿನ ಹಲ್ಲು, ತುಕ್ಕು ಎಲ್ಲ ಸೇರಿ ಒಂದೇ ಕಬ್ಬಿಣವಾಗಿರುತ್ತದೆ. ಗಾಡಿಯ ಮಾಲೀಕರೂ ಅಷ್ಟೇ. ಶಿಕಾರಿಪುರದವರು ಬಾಗಿಲಲ್ಲೇ ನಿಂತು, "ಏನ್ರೀ, ಒಂದು ಬೋಲ್ಟ್ ಬಿಚ್ಚಾಕ ಎರಡು ದಿನಾನಾ? ನಾವೇನ್ ಬಾವಿ ತೋಡಾಕ ಹೇಳೀವೇನು?" ಎಂದು ಕೂಗುತ್ತಾರೆ. ಸೊರಬದವರು ಕೂತು, ಎಲೆಯಡಿಕೆ ಹಾಕಿ, "ಗಡಿಬಿಡಿ ಏನಿಲ್ಲ ಮಾರಾಯ್ರೆ, ನಿಧಾನಕ್ಕೆ ಮಾಡಿ. ಸಂಜೆಗೆ ಕೊಟ್ರೆ ಸಾಕು" ಅನ್ನುತ್ತಾರೆ. ಇದನ್ನು ನಾನು ಒಮ್ಮೆ ಗ್ಯಾರೇಜಿನಲ್ಲಿ ಮಾಡಿ ತೋರಿಸುತ್ತಿದ್ದಾಗ ಹಿಂದೆ ಸೊರಬದವರೊಬ್ಬರೇ ನಿಂತಿದ್ದರು. "ಎಲೆಯಡಿಕೆ ಬಾಯಲ್ಲಿ ಇರುವಾಗ ಮಾತು ಇಷ್ಟು ಸ್ಪಷ್ಟ ಬರೂದಿಲ್ಲ ಮಾರಾಯ" ಎಂದು ತಿದ್ದಿ, ಮತ್ತೊಮ್ಮೆ ಮಾಡಿಸಿದರು.

ಅನುಕರಣೆಯಿಂದ ನನಗೆ ಹೆಚ್ಚು ಬಿದ್ದದ್ದು ಏಟೇ. ಆದರೂ ಗ್ಯಾರೇಜಿನಲ್ಲಿ ಅದೊಂದು ಉಪಕಾರಕ್ಕೆ ಬಂತು. ಬಿಟ್ಟುಕೊಡುವ ಬೋಲ್ಟು "ಕಿರ್ರ್" ಎಂದು ಬೈಯುತ್ತದೆ. ಬೈದರೆ ಸಂತೋಷ ಪಡಬೇಕು. ಮುರಿಯುವ ಬೋಲ್ಟು ಬೈಯುವುದಿಲ್ಲ. ಸ್ಪ್ಯಾನರಿನಡಿ ಬೆಲ್ಲದ ಪಾಕದಂತೆ ಮೆತ್ತಗಾಗುತ್ತದೆ, "ಆಹಾ ಬಂತು" ಅಂದುಕೊಳ್ಳುತ್ತೇವೆ, ಆಮೇಲೆ "ಟಕ್". ಈ ಎರಡೂ ಸದ್ದುಗಳನ್ನು ನಾನು ಬಾಯಲ್ಲಿ ಮಾಡಬಲ್ಲೆ. ಕೌಂಟರಿಗೆ ಬಂದ ಹೊಸಬರಿಗೆ ಬೋಲ್ಟಿನ ಜೊತೆ ಅದನ್ನೂ ಪುಕ್ಕಟೆ ಕೊಡುತ್ತೇನೆ.

ನನಗೆ ಕೆಲಸ ಕಲಿಸಿದವರು ಗಫಾರ್ ಸಾಬರು. ನಾವು ಅವರನ್ನು ಉಸ್ತಾದ್ ಅನ್ನುತ್ತಿದ್ದೆವು. ಶಿಕಾರಿಪುರದ ಶಿರಾಳಕೊಪ್ಪ ರಸ್ತೆಯಲ್ಲಿ ತಗಡಿನ ಗ್ಯಾರೇಜು. ಅವರ ಮಾತು "ನೋಡಪ್ಪಾ" ಎಂದು ಶುರುವಾಗಿ ನಿಂತುಬಿಡುತ್ತಿತ್ತು. ಒಂದು ಸ್ಪ್ಯಾನರ್ ಕೆಳಗಿಟ್ಟು ಇನ್ನೊಂದು ಎತ್ತಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮಿಕ್ಕಿದ್ದು ಬರುತ್ತಿತ್ತು. ಆ ನಡುವಿನ ಮೌನವೇ ಕಷ್ಟ. ಅದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಬೋಲ್ಟ್ ಬಿಚ್ಚುವುದನ್ನು ಅದಕ್ಕಿಂತ ಬೇಗ ಕಲಿತೆ ಎಂದುಕೊಂಡಿದ್ದೆ.

ಉಸ್ತಾದರ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಬೇರೆಲ್ಲೂ ನಾನು ಕಾಣಲಿಲ್ಲ. ಮುರಿದ ಬೋಲ್ಟನ್ನು ಯಾರೂ ಎಸೆಯುವಂತಿಲ್ಲ. ಗಾಡಿಯ ಮಾಲೀಕರ ಕೈಗೆ ಕೊಟ್ಟು, "ಮುಖ ನೋಡಿ" ಅನ್ನಬೇಕು. ಮುಖವೆಂದರೆ ಮುರಿದ ಜಾಗ. ಅದು ಪೂರ್ತಿ ಬೆಳ್ಳಗೆ ಹೊಳೆಯುತ್ತಿದ್ದರೆ ಬೋಲ್ಟು ಗಟ್ಟಿಯಾಗಿಯೇ ಇತ್ತು, ಮೆಕ್ಯಾನಿಕ್ ಅವಸರಪಟ್ಟು ಮುರಿದ ಎಂದರ್ಥ. ಅದರಿಂದ ಹುಟ್ಟುವ ಎಲ್ಲ ಕೆಲಸ ಗ್ಯಾರೇಜಿನ ತಲೆಗೆ. ಅರ್ಧ ಕಪ್ಪಗಿದ್ದು ಅರ್ಧ ಬೆಳ್ಳಗಿದ್ದರೆ ಒಳಗೆ ಮೊದಲೇ ಬಿರುಕು ಬಿಟ್ಟು ತುಕ್ಕು ತಿಂದಿತ್ತು. ಆಗ ಖರ್ಚು ಮಾಲೀಕರದು. ಹಳೇ ಜೀಪಿನ ರಿಪೇರಿಯಲ್ಲಿ ಜಗಳವೆಲ್ಲ ಹುಟ್ಟುವುದು ಇಲ್ಲೇ. ಒಂದು ಬೋಲ್ಟು ಮುರಿದರೆ ಅದರ ಹಿಂದೆ ಹತ್ತು ಕೆಲಸ ಬಾಲದಂತೆ ಬರುತ್ತವೆ. ಉಸ್ತಾದರ ಗ್ಯಾರೇಜಿನಲ್ಲಿ ಮಾತ್ರ ಜಗಳ ಇರಲಿಲ್ಲ. ಮುಖ ನೋಡುತ್ತಿದ್ದರು, ಟೀ ಕುಡಿಯುತ್ತಿದ್ದರು, ಹೋಗುತ್ತಿದ್ದರು.

ಆ ಮುಖಕ್ಕೆ ಬಣ್ಣ ಹಚ್ಚಿದವನು ನಾನು.

ಬೀರಣ್ಣ ಬಂದಳಿಕೆ ಹತ್ತಿರದವರು. ಕುರಿ ಸಾಕಣೆ. ಅವರ ಬಳಿ ನಾಲ್ಕೂ ಚಕ್ರ ಎಳೆಯುವ ಹಳೇ ಡೀಸೆಲ್ ಜೀಪೊಂದಿತ್ತು, ಹರಾಜಿನಲ್ಲಿ ಹಿಡಿದದ್ದು. ಗದ್ದೆ ಕೊಯ್ಲಾದ ಮೇಲೆ ಅವರ ಮಂದೆ ಸೊರಬದ ಕಡೆ ಹೋಗುತ್ತದೆ. ರೈತರು ತಮ್ಮ ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಕುರಿಗೆ ಮೇವು, ಗದ್ದೆಗೆ ಗೊಬ್ಬರ. ದೊಡ್ಡ ಕುರಿಗಳು ನಡೆಯುತ್ತವೆ. ನಾಲ್ಕೈದು ದಿನದ ಮರಿಗಳು ನಡೆಯಲಾರವು, ಅವು ಜೀಪಿನಲ್ಲಿ. ನಾನು ಗ್ಯಾರೇಜು ಸೇರಿದ ಎಂಟನೇ ವರ್ಷ ಆ ಜೀಪಿನೊಳಗೆ ಹೊಗೆ ನುಗ್ಗುತ್ತಿತ್ತು.

"ಸಾಬ್ರೇ, ಹೊಗಿಗೆ ಮರಿ ಕೆಮ್ಮಾಕ ಹತ್ಯಾವು," ಎಂದು ಬೀರಣ್ಣ ಒಂದು ಗುರುವಾರ ಜೀಪು ತಂದು ನಿಲ್ಲಿಸಿದರು. "ಮಂಗಳವಾರ ಸೊರಬದಾಗ ಕೆರಿಯಪ್ಪ ಗೌಡರ ಗದ್ದ್ಯಾಗ ಕುರಿ ನಿಲ್ಲಿಸ್ತೀನಂತ ಮಾತು ಕೊಟ್ಟೀನಿ. ತಪ್ಪಿದ್ರ ಅವರು ಬ್ಯಾರೆ ಮಂದಿಗೆ ಹೇಳ್ತಾರ. ಈ ವರ್ಷದ ಜಾಗ ಹೋತು ಅಂದ್ರ ಮುಂದಿನ ವರ್ಷಾನೂ ಹೋತು."

ಇಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸುಟ್ಟಿತ್ತು. ಪ್ಯಾಕಿಂಗ್ ಬದಲಿಸುವುದು ಸಣ್ಣ ಕೆಲಸ. ಅದನ್ನು ಹಿಡಿದಿರುವ ಎಂಟು ಬೋಲ್ಟುಗಳನ್ನು ಬಿಚ್ಚುವುದು ದೊಡ್ಡದು. ದಿನಾ ಕಾದು, ದಿನಾ ಆರಿ, ವರ್ಷಗಟ್ಟಲೆ ಬೆಂದ ಬೋಲ್ಟುಗಳು ಅವು. ಉಸ್ತಾದರಿಗೆ ಅಂದೇ ಸೊರಬದಲ್ಲಿ ನೆಂಟರ ಮದುವೆ. ಹೊರಡುವಾಗ ನನ್ನನ್ನು ಕರೆದರು.

"ನೋಡಪ್ಪಾ..." ಸ್ಪ್ಯಾನರಿನಷ್ಟು ಮೌನ. "ಬೆಳಿಗ್ಗೆ ಎಣ್ಣೆ ಬಿಡು. ಸಂಜೆ ಎಣ್ಣೆ ಬಿಡು. ಶನಿವಾರ ನಾನು ಬರೋತನಕ ಸ್ಪ್ಯಾನರ್ ಮುಟ್ಟಬೇಡ."

ಈಗಿನವರಿಗೆ ಈ ಎಣ್ಣೆ ಬಿಡುವ ಕೆಲಸ ಗೊತ್ತಿಲ್ಲ. ಡಬ್ಬಿಯ ಸ್ಪ್ರೇ ಇದೆ, ಗಾಳಿಯಿಂದ ತಿರುಗುವ ಗನ್ ಇದೆ. ನಾನು ಅದನ್ನೆಲ್ಲ ಮಾರುವವನು, ಬೈಯಬಾರದು. ಆದರೆ ತುಕ್ಕಿಗೆ ಕೈಗಡಿಯಾರ ಇಲ್ಲ; ಎಷ್ಟು ದುಬಾರಿ ಸ್ಪ್ರೇ ಹೊಡೆದರೂ ಎಣ್ಣೆ ಒಳಗೆ ಇಳಿಯುವಷ್ಟೇ ಬೇಗ ಇಳಿಯುತ್ತದೆ. ನಾವು ಡೀಸೆಲ್ಲಿಗೆ ಸ್ವಲ್ಪ ಸೀಮೆಎಣ್ಣೆ ಸೇರಿಸಿ, ಬೋಲ್ಟಿನ ತಲೆಗೆ ಹನಿ ಹನಿ ಬಿಟ್ಟು, ಸಣ್ಣ ಸುತ್ತಿಗೆಯಲ್ಲಿ ಬಾಗಿಲು ತಟ್ಟಿದಂತೆ ತಟ್ಟಿ ಕಾಯುತ್ತಿದ್ದೆವು.

ನಾನು ಗುರುವಾರ ಕಾದೆ. ಶುಕ್ರವಾರ ಬೆಳಿಗ್ಗೆಯೂ ಕಾದೆ. ಮಧ್ಯಾಹ್ನ ಮಂಡಕ್ಕಿ ಮಿರ್ಚಿ ತಿಂದ ಮೇಲೆ ಧೈರ್ಯ ಬಂತು. ಉಸ್ತಾದರು ಬರುವಷ್ಟರಲ್ಲಿ ಎಂಟನ್ನೂ ಬಿಚ್ಚಿ ಸಾಲಾಗಿ ಜೋಡಿಸಿಟ್ಟರೆ ಹೇಗೆ? ಅವರು "ನೋಡಪ್ಪಾ" ಎಂದು ಶುರುಮಾಡಿ ಮುಂದೆ ಮಾತೇ ಸಿಗದೆ ನಿಲ್ಲಬೇಕು. ಆ ದೃಶ್ಯವನ್ನು ಒಬ್ಬನೇ ನಟಿಸಿ ನೋಡಿ ಖುಷಿಪಟ್ಟೆ. ನಾಲ್ಕು ಬೋಲ್ಟು ಬೈದುಕೊಂಡೇ ಬಂದವು. ಐದನೆಯದು ಅಲುಗಲಿಲ್ಲ. ಸ್ಪ್ಯಾನರಿಗೆ ಮೊಳದುದ್ದದ ಪೈಪು ಸಿಕ್ಕಿಸಿ ತೂಗಿದೆ. ಮೆತ್ತಗಾಯಿತು. ಕೈ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ.

ಟಕ್.

ತಲೆ ನನ್ನ ಕೈಗೆ ಬಂತು, ಬುಡ ಇಂಜಿನ್ನಿನ ಹೆಡ್ಡಿನೊಳಗೆ ಉಳಿಯಿತು. ಮುಖ ನೋಡಿದೆ. ಮದುಮಗಳ ಮೂಗುತಿಯಂತೆ ಹೊಳೆಯುತ್ತಿತ್ತು.

ಅಂಥ ಬುಡ ತೆಗೆಯಲಾಗದಿದ್ದರೆ ಇಂಜಿನ್ನಿನ ಹೆಡ್ಡನ್ನೇ ಇಳಿಸಿ ಶಿವಮೊಗ್ಗದ ಲೇತ್ ಅಂಗಡಿಗೆ ಕಳಿಸಬೇಕು. ಹೆಡ್ ಇಳಿಸಿದರೆ ಅದರ ಪ್ಯಾಕಿಂಗು, ವಾಲ್ವು, ಒಂದೊಂದಾಗಿ ಎಲ್ಲ ಎದ್ದು ಕೂರುತ್ತವೆ. ಅಷ್ಟೂ ಉಸ್ತಾದರ ತಲೆಗೆ, ನನ್ನ ದೆಸೆಯಿಂದ. ಹೆದರಿದೆ. ಹೆದರಿದವನು ಮಿರ್ಚಿ ಅಂಗಡಿಯಿಂದ ಒಂದು ಹಿಡಿ ಉಪ್ಪು ತಂದೆ. ಡಬ್ಬಿಯ ಮುಚ್ಚಳದಲ್ಲಿ ಉಪ್ಪುನೀರು ಮಾಡಿ, ಬ್ಯಾಟರಿಯ ನೀರು ನಾಲ್ಕು ಹನಿ ಸೇರಿಸಿ, ಬೋಲ್ಟಿನ ತಲೆಯನ್ನು ಮುಖ ಕೆಳಗಾಗಿ ಮುಳುಗಿಸಿ ಬಿಸಿಲಿಗಿಟ್ಟೆ.

ಗ್ಯಾರೇಜಿನ ಮೊಬೈಲು ಮೇಜಿಗೆ ದಾರದಿಂದ ಕಟ್ಟಿಯೇ ಇರುತ್ತಿತ್ತು. ಬೀರಣ್ಣನಿಗೆ ಫೋನ್ ಮಾಡಿದೆ. ಬಾಯಿ ತೆರೆದಾಗ ಬಂದದ್ದು ಉಸ್ತಾದರ ದನಿ. ಮೊದಲೇ ಯೋಚಿಸಿ ಮಾಡಿದ್ದಲ್ಲ ಎಂದು ಹಲವು ವರ್ಷ ಹೇಳಿಕೊಂಡೆ. ಯೋಚಿಸಿಯೇ ಮಾಡಿದ್ದೆ.

"ನೋಡಪ್ಪಾ ಬೀರಣ್ಣ..." ಮೌನವನ್ನೂ ಸರಿಯಾಗಿ ಕೊಟ್ಟೆ. "ಒಂದು ಬೋಲ್ಟು ಹೋಯ್ತು. ಒಳಗೆ ಮೊದಲೇ ತುಕ್ಕು ತಿಂದಿತ್ತು. ಹೆಡ್ ಇಳಿಸಬೇಕು."

"ಹೆಡ್ಡಾ? ಖರ್ಚು ಭಾಳ ಆಗ್ತೈತೇನ್ರೀ ಸಾಬ್ರೇ?"

"ಆಗ್ತದೆ."

ಆ ಕಡೆ ಕುರಿಗಳ ಸದ್ದು ಕೇಳುತ್ತಿತ್ತು. "ಆತು ಬಿಡ್ರಿ. ನೀವು ಹೇಳಿದ ಮ್ಯಾಲೆ ಮುಗೀತು. ನಾಕು ಕುರಿ ಗಬ್ಬ ಅದಾವು, ಈ ಸಂತಿಗೆ ಹೊಡಕೊಂಡು ಹೋಗ್ತೀನಿ. ಮಂಗಳವಾರದೊಳಗ ಗಾಡಿ ಆದ್ರ ಸಾಕು."

ಫೋನಿಟ್ಟಾಗ ನನಗೆ ಮೊದಲು ಆದದ್ದು ಹೆಮ್ಮೆ. ಇಷ್ಟು ವರ್ಷ ಉಸ್ತಾದರ ಜೊತೆ ಮಾತಾಡಿದ ಮನುಷ್ಯನಿಗೆ ಗೊತ್ತಾಗಲಿಲ್ಲವಲ್ಲ! ನಾಲ್ಕು ಗಬ್ಬದ ಕುರಿಗಳ ನೆನಪಾದದ್ದು ಆಮೇಲೆ.

ಶನಿವಾರ ಬೆಳಿಗ್ಗೆ ಉಸ್ತಾದರೂ ಬೀರಣ್ಣನೂ ಒಂದೇ ಬಸ್ಸಿನಿಂದ ಇಳಿದಂತೆ ಒಟ್ಟಿಗೆ ಬಂದರು. ನಾನು ಬೋಲ್ಟನ್ನು ಬೀರಣ್ಣನ ಕೈಗೆ ಕೊಟ್ಟು, "ಮುಖ ನೋಡಿ" ಎಂದೆ. ಅವರು ಬೆಳಕಿಗೆ ಹಿಡಿದರು.

"ಹೌದಪ್ಪಾ, ತುಕ್ಕು ಹಿಡದೈತಿ. ಸಾಬ್ರೇ, ನೀವು ನಿನ್ನೆ ಫೋನಿನಾಗ ಹೇಳಿದಂಗ ಐತಿ."

ಉಸ್ತಾದರು ಮದುವೆಯಿಂದ ತಂದ ಸಿಹಿಯ ಪೊಟ್ಟಣ ಮೇಜಿನ ಮೇಲಿಡುತ್ತಿದ್ದರು. ಕೈ ಅರ್ಧದಲ್ಲೇ ನಿಂತಿತು.

"ಏನು ಹೇಳಿದೆ ನಾನು? ಇನ್ನೊಂದು ಸಲ ಹೇಳು."

ಬೀರಣ್ಣ ಹೇಳಿದರು. ಬೋಲ್ಟು, ತುಕ್ಕು, ಹೆಡ್ಡು, ಖರ್ಚು, ಸಂತೆಗೆ ಹೋಗಬೇಕಾದ ಕುರಿಗಳು, ಒಂದೂ ಬಿಡದೆ. ಉಸ್ತಾದರು ತಲೆದೂಗುತ್ತಾ ಕೇಳಿದರು. ಬೋಲ್ಟನ್ನು ತೆಗೆದುಕೊಂಡು ಮುಖದ ಮೇಲೆ ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು. ಹಳೇ ತುಕ್ಕು ಕಾಫಿಪುಡಿಯ ಬಣ್ಣದ್ದು, ಉಜ್ಜಿದರೆ ಬಿಡುವುದಿಲ್ಲ. ಅವರ ಹೆಬ್ಬೆರಳು ಜಿಲೇಬಿಯ ಬಣ್ಣಕ್ಕೆ ತಿರುಗಿತು. ಆ ಬೆರಳನ್ನು ಬೀರಣ್ಣನಿಗೆ ಕಾಣದಂತೆ ನನ್ನ ಕಡೆ ಎತ್ತಿ ಹಿಡಿದರು.

"ಮಂಜಾ, ಈ ತುಕ್ಕು ನಿನ್ನೆ ಹುಟ್ಟಿದ್ದು," ಎಂದರು ಮೆಲ್ಲಗೆ. ಆಮೇಲೆ ಜೋರಾಗಿ, "ಮೂರು ಟೀ ತಗೊಂಡು ಬಾ. ಬಂದು ಬೀರಣ್ಣಂಗೆ ಈ ಬೋಲ್ಟಿನ ಕಥೆ ಹೇಳು. ನಾನು ಹೇಳಲ್ಲ."

ಟೀ ಅಂಗಡಿ ಮೂವತ್ತು ಹೆಜ್ಜೆ. ಅಲ್ಲಿಂದ ಹಾಗೆಯೇ ಬಸ್ಸು ಹತ್ತಬಹುದಿತ್ತು. ಮೂರು ಲೋಟ ಹಿಡಿದು ವಾಪಸು ಬಂದೆ.

"ಬೀರಣ್ಣಾ," ಎಂದೆ. ದನಿ ಉಸ್ತಾದರದೇ ಬಂತು! ದೇವರಾಣೆ, ಆಗ ಬೇಕೆಂದು ಮಾಡಿದ್ದಲ್ಲ. ಬೀರಣ್ಣ ಬೆಚ್ಚಿ ಉಸ್ತಾದರ ಮುಖ ನೋಡಿದರು, ನನ್ನ ಮುಖ ನೋಡಿದರು. ಕೆಮ್ಮಿ ಮತ್ತೆ ಶುರುಮಾಡಿದೆ. "ಬೋಲ್ಟ್ ಮುರಿದಿದ್ದು ನಾನು. ಉಸ್ತಾದ್ ಮುಟ್ಟಬೇಡ ಅಂದಿದ್ರು. ಮುಖ ಬೆಳ್ಳಗಿತ್ತು. ಉಪ್ಪುನೀರಲ್ಲಿ ಹಾಕಿ ತುಕ್ಕು ಬರಿಸಿದೆ. ಫೋನ್ ಮಾಡಿದ್ದೂ ನಾನೇ."

ಬೀರಣ್ಣ ಲೋಟ ಕೆಳಗಿಟ್ಟರು.

"ನನ್ನ ಗಬ್ಬದ ಕುರಿ ಮಾರಸ್ತಿದ್ಯಲ್ಲೋ!" ಎಂದರು. ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು. "ತುಕ್ಕು ನೋಡಿ ಹೂಂ ಅನ್ನಲಿಲ್ಲೋ ನಾ. ಸಾಬ್ರ ದನಿ ಕೇಳಿ ಹೂಂ ಅಂದೆ."

ಉಸ್ತಾದರು ಬೋಲ್ಟಿನ ತಲೆಯನ್ನು ನನ್ನ ಜೇಬಿಗೆ ಹಾಕಿದರು. "ಖರ್ಚು ಗ್ಯಾರೇಜಿಂದು ಬೀರಣ್ಣ. ಕುರಿ ಸಂತೆಗೆ ಹೋಗೋದು ಬೇಡ. ಆದ್ರೆ ಹೆಡ್ ಶಿವಮೊಗ್ಗಕ್ಕೆ ಹೋದ್ರೆ ಮಂಗಳವಾರ ವಾಪಸ್ ಬರಲ್ಲ. ಇಲ್ಲೇ ಬುಡ ಕಿತ್ರೆ ಉಂಟು, ಇಲ್ಲಾಂದ್ರೆ ಇಲ್ಲ." ನನ್ನ ಕಡೆ ತಿರುಗಿದರು. "ಮುರಿದವನೇ ತೆಗೀಲಿ. ನಾನು ಕೈ ಹಾಕಲ್ಲ."

ಬೀರಣ್ಣ ಹೋಗಲಿಲ್ಲ. ಖಾಲಿ ಡ್ರಮ್ ಉರುಳಿಸಿ ತಂದು ಜೀಪಿನ ಪಕ್ಕದಲ್ಲಿ ಕೂತರು.

ಮಿಕ್ಕ ಮೂರು ಬೋಲ್ಟುಗಳನ್ನು ಉಸಿರು ಬಿಗಿಹಿಡಿದು ತೆಗೆದೆ. ಬುಡ ತೆಗೆಯುವುದು ಹೀಗೆ: ಬ್ಯಾಟರಿಯ ವೈರು ಕಳಚಬೇಕು, ಬುಡದ ಮೇಲೆ ಒಂದು ನಟ್ಟು ಕೂರಿಸಿ, ನಟ್ಟಿನ ತೂತಿನೊಳಗಿಂದ ವೆಲ್ಡ್ ಮಾಡಿ ಎರಡನ್ನೂ ಒಂದಾಗಿಸಬೇಕು. ಕೆಂಪಗೆ ಕಾದದ್ದು ತಾನಾಗಿ ಆರಬೇಕು. ಬೆಚ್ಚಗಿರುವಾಗಲೇ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ಹಲ್ಲುಗಳ ಸಂದಿಗೆ ಇಳಿಯುತ್ತದೆ. ಆಮೇಲೆ ಸ್ಪ್ಯಾನರು. ಶನಿವಾರ ಸಂಜೆ ಮೊದಲ ನಟ್ಟು ವೆಲ್ಡಿಂಗ್ ಸಮೇತ ಕಿತ್ತುಕೊಂಡು ನನ್ನ ಹಣೆಗೆ ಬಡಿಯಿತು. ಬುಡ ಅಲ್ಲೇ ಇತ್ತು. ಬೀರಣ್ಣ ಎದ್ದು ಊರಿಗೆ ಹೋದರು.

ಭಾನುವಾರ ನಾನು ಬರುವ ಮೊದಲೇ ಡ್ರಮ್ಮಿನ ಮೇಲೆ ಕೂತಿದ್ದರು. ಎರಡನೇ ನಟ್ಟು ಕೂರಿಸಿದೆ. ಬುಡ ಸವೆದಿತ್ತು, ಇದೂ ಕಿತ್ತರೆ ಮೂರನೆಯದಕ್ಕೆ ಜಾಗವಿರಲಿಲ್ಲ. ಆರಿಸಿ, ಮೇಣ ಕುಡಿಸಿ, ಸ್ಪ್ಯಾನರ್ ಹಾಕಿ ಬಿಚ್ಚುವ ಕಡೆಗೆ ಎಳೆದೆ. ಅಲುಗಲಿಲ್ಲ. ಇನ್ನಷ್ಟು ಎಳೆದೆ. ಮೆತ್ತಗಾಗುವ ಹಾಗಾಯಿತು.

"ಏ ತಮ್ಮಾ, ನಿಲ್ಲು," ಎಂದರು ಬೀರಣ್ಣ. "ಕುರಿ ಈಯಾಕ ತ್ರಾಸ ಪಡ್ತಿದ್ರ ಮರೀನ ಹಿಂಗ ಜಗ್ಗತಿಯೇನು? ಜಗ್ಗಿದ್ರ ತಾಯೀನೂ ಹೋತು, ಮರೀನೂ ಹೋತು. ಮೊದಲ ಒಂಚೂರು ಒಳಕ ನೂಕಬೇಕು. ಅದು ಜಾಗಾ ಮಾಡ್ಕೊಂತೈತಿ. ಆಮ್ಯಾಲೆ ತಾನ ಬರ್ತೈತಿ."

ಉಸ್ತಾದರು ಇನ್ನೊಂದು ಗಾಡಿಯ ಕೆಳಗಿನಿಂದಲೇ ಕೂಗಿದರು. "ಮೊದಲು ಬಿಗಿ, ಆಮೇಲೆ ಸಡಿಲು. ಎಂಟು ವರ್ಷದಿಂದ ಹೇಳ್ತಿದ್ದೀನಿ ಇವನಿಗೆ. ಕುರಿ ಅಂದಿದ್ರೆ ಅರ್ಥ ಆಗ್ತಿತ್ತೇನೋ!"

ಬಿಗಿಯುವ ಕಡೆಗೆ ತಿರುಗಿಸಿದೆ, ಕೂದಲೆಳೆಯಷ್ಟು. ಒಳಗೆ ಏನೋ ಸಣ್ಣಗೆ ಪಟ್ ಎಂದಿತು. ಈಚೆಗೆ ಕೂದಲೆಳೆಯಷ್ಟು. ಮತ್ತೆ ಆಚೆಗೆ. ಹೀಗೆ ಎಷ್ಟು ಸಲವೋ ಲೆಕ್ಕವಿಲ್ಲ. ಬಿಸಿಲು ಜೀಪಿನ ಬಾನೆಟ್ಟಿನಿಂದ ಬಂಪರಿಗೆ ಇಳಿಯುವಷ್ಟು. ಕೊನೆಗೊಮ್ಮೆ ಈಚೆಗೆ ತಿರುಗಿಸಿದಾಗ ಬುಡ "ಕಿರ್ರ್" ಎಂದು ಹಾಳುಬೈಗುಳ ಬೈಯಿತು. ಅಷ್ಟು ಒಳ್ಳೆಯ ಬೈಗುಳ ನನ್ನ ಜನ್ಮದಲ್ಲಿ ತಿಂದಿಲ್ಲ. ಎರಡು ಸುತ್ತಿನ ಮೇಲೆ ಬೆರಳಲ್ಲೇ ತಿರುಗಿತು.

ಹೊಸ ಪ್ಯಾಕಿಂಗ್, ಹೊಸ ಬೋಲ್ಟುಗಳನ್ನು ಹಾಕಿ ಸ್ಟಾರ್ಟ್ ಮಾಡಿದೆವು. ಬೀರಣ್ಣ ಜೀಪಿನ ಹಿಂಭಾಗದಲ್ಲಿ ಮರಿಗಳು ಮಲಗುವ ಜಾಗದಲ್ಲೇ ಅಡ್ಡ ಮಲಗಿ ಮೂಗರಳಿಸಿ ನೋಡಿದರು. ಹೊಗೆ ಇರಲಿಲ್ಲ. ಎದ್ದು ಬಂದವರು ಉಸ್ತಾದರಿಗೆ ಹೇಳಿದರು: "ಸಾಬ್ರೇ, ಒಂದು ಉಪಕಾರ ಆಗ್ಬೇಕು. ಜೀಪು ಕೆಟ್ಟೈತಿ ಅಂತ ಕೆರಿಯಪ್ಪ ಗೌಡರಿಗೆ ಯಾರೋ ಹೇಳ್ಯಾರ. ನಾ ಹೇಳಿದ್ರ ನಂಬವಲ್ರು. ಬ್ಯಾರೆ ಮಂದಿ ಕರಸಾಕ ಹೊಂಟಾರಂತ. ನೀವೊಂದು ಮಾತು ಹೇಳ್ರಿ."

ಉಸ್ತಾದರು ಮೇಜಿನ ಮೇಲಿದ್ದ ಫೋನಿನ ಕಡೆ ಗದ್ದದಿಂದ ತೋರಿಸಿದರು. ನನಗೆ.

ಫೋನ್ ಹಚ್ಚಿದೆ. "ಗೌಡ್ರೇ, ನಾನು ಮಂಜ, ಶಿಕಾರಿಪುರ ಗ್ಯಾರೇಜಿಂದ. ಬೀರಣ್ಣನ ಜೀಪು ರೆಡಿ ಆಗಿದೆ. ಮಂಗಳವಾರ ಬರ್ತಾರೆ."

"ಅದಿರ್ಲಿ ಮಾರಾಯ, ನೀ ಯಾವ ಮಂಜ? ಸಾಬ್ರಿಗೆ ಕೊಡು ಫೋನು. ಅವರು ಹೇಳಿದ್ರೆ ಸೈ."

ಫೋನನ್ನು ಉಸ್ತಾದರತ್ತ ಚಾಚಿದೆ, ದಾರ ಎಳೆದಷ್ಟು ಉದ್ದಕ್ಕೆ. ಅವರು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದರು; ಒರೆಸಲು ಏನೂ ಉಳಿದಿರಲಿಲ್ಲ. ಬೀರಣ್ಣ ನನ್ನ ಬಾಯನ್ನೇ ನೋಡುತ್ತಿದ್ದರು. ನನ್ನ ಗಂಟಲಲ್ಲಿ ಉಸ್ತಾದರ ದನಿ ತಯಾರಾಗಿ ಕೂತಿತ್ತು, ಮೌನದ ಸಮೇತ. ಒಂದು "ನೋಡಪ್ಪಾ" ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು.

"ಸಾಬ್ರು ಫೋನ್ ತಗೊಳ್ತಿಲ್ಲ ಗೌಡ್ರೇ," ಎಂದೆ. "ಹೇಳ್ತಿರೋದು ನಾನೇ. ಆ ಜೀಪಿನ ಬೋಲ್ಟ್ ಮುರಿದವನೂ ನಾನೇ, ತೆಗೆದವನೂ ನಾನೇ. ಮಂಗಳವಾರ ಮಂದೆ ನಿಮ್ಮ ಗದ್ದೆಯಲ್ಲಿ ಇಲ್ಲಾಂದ್ರೆ ಇಲ್ಲಿಗೆ ಬಂದು ಮಂಜ ಎಲ್ಲಿ ಅಂತ ಕೇಳಿ. ಇರ್ತೀನಿ."

ಆ ಕಡೆ ಎಲೆಯಡಿಕೆ ಉಗಿದ ಸದ್ದು.

"ಇಷ್ಟು ಸಣ್ಣ ದನೀಲಿ ಹೇಳಿದ್ರೆ ಹೆಂಗೆ ನಂಬದು ಮಾರಾಯ," ಎಂದರು ಗೌಡರು. "ಆತು. ಮಂಗಳವಾರ. ಗದ್ದೆ ಬೇಲಿ ತೆಗೆಸಿ ಇಟ್ಟಿರ್ತೆ ಅಂತ ಹೇಳು."

"ಏನಂದ್ರು?" ಬೀರಣ್ಣ ಕೇಳಿದರು.

"ಬೇಲಿ ತೆಗೆಸಿ ಇಟ್ಟಿರ್ತಾರಂತೆ," ಎಂದೆ. ಗೌಡರ ದನಿಯನ್ನು ಮಾಡಿ ತೋರಿಸಲಿಲ್ಲ.